ಫ್ಯಾನಿನ ವಿಮಾನ ಬೇಡ ಅನ್ನುವ ಮೊದಲು

“ಫ್ಯಾನ್ ಇರೋ ವಿಮಾನವಾ? ಬೇಡಪ್ಪ, ಜೆಟ್ ಇದ್ದರೆ ನೋಡು.” ಡೊಂಬಿವಲಿಯಲ್ಲಾಗಲಿ, ಪಿಂಪ್ರಿಯಲ್ಲಾಗಲಿ, ವಾಸ್ಕೊದಲ್ಲಾಗಲಿ, ಊರಿಗೆ ಟಿಕೆಟ್ ಮಾಡಲು ಕೂತ ಕನ್ನಡದ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಸಣ್ಣ ವಿಮಾನ ಅಂದರೆ ಸದ್ದು, ಕುಲುಕಾಟ, ಇಕ್ಕಟ್ಟು ಎಂಬ ಭಾವನೆ ಹಳೆಯದು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಬೆಳಗಾವಿ, ಸೊಲ್ಲಾಪುರ, ಕೊಲ್ಹಾಪುರ, ಸಿಂಧುದುರ್ಗದಂಥ ಊರುಗಳಿಗೆ ಹೋಗುವವರ ಮುಂದಿರುವ ಆಯ್ಕೆ ಬಹಳ ಸಲ ಇಷ್ಟೇ: ಸಣ್ಣ ವಿಮಾನ, ಇಲ್ಲವೇ ರಾತ್ರಿ ಬಸ್ಸು ಅಥವಾ ರೈಲು. ಹಾಗಿರುವಾಗ ಯಾವ ಸಣ್ಣ ವಿಮಾನದಲ್ಲಿ ಯಾವ ತ್ರಾಸು, ಎಷ್ಟು ತ್ರಾಸು ಅಂತ ಬಿಡಿಸಿ ನೋಡಬೇಕು, ಅಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಚಿಕ್ಕ ಮಾರ್ಗಗಳಲ್ಲಿ ಪ್ರಯಾಣಿಕರಿಗೆ ಆಗುವ ಕಷ್ಟದ ದೊಡ್ಡ ಪಾಲು ನೆಲದ ಮೇಲೆ ಆಗುತ್ತದೆ: ಬಿಸಿಲಲ್ಲಿ ಬಸ್ಸು, ಮೆಟ್ಟಿಲು, ಏಸಿ ಇಲ್ಲದ ಕ್ಯಾಬಿನ್, ಬಾಗಿಲ ಹತ್ತಿರ ಕಿತ್ತುಕೊಂಡ ಬ್ಯಾಗು, ಕೊನೇ ಗಳಿಗೆಯಲ್ಲಿ ರದ್ದಾದ ಹಾರಾಟ. ಫ್ಯಾನಿನ ಸದ್ದನ್ನು ಬದಲಿಸುವುದು ಕಷ್ಟ. ಇವುಗಳನ್ನು ಸರಿಮಾಡುವುದು ಅಷ್ಟು ಕಷ್ಟವಲ್ಲ. ಅದಕ್ಕೇ ಇದರ ಬಗ್ಗೆ ನಾವು ಜೋರಾಗಿ ಮಾತಾಡಬೇಕು.

ನಮ್ಮ ಭಾಗದಲ್ಲಿ ಜಾಸ್ತಿ ಕಾಣುವ ಸಣ್ಣ ವಿಮಾನ ಎಟಿಆರ್ 72-600. ಏರ್‌ಬಸ್ ಮತ್ತು ಇಟಲಿಯ ಲಿಯೊನಾರ್ಡೊ ಸೇರಿ ನಡೆಸುವ ಕಂಪನಿ ಇದನ್ನು ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಿಸುತ್ತದೆ. ಎರಡು ಪ್ರೊಪೆಲ್ಲರ್ (ಜನ ಫ್ಯಾನ್ ಅನ್ನುವುದು ಇದನ್ನೇ), ಕಿಟಕಿಗಳ ಮೇಲೆ ಹಾದುಹೋಗುವ ರೆಕ್ಕೆ, ಸಾಲಿಗೆ ನಾಲ್ಕು ಸೀಟು. ಇಂಡಿಗೊ 2017ರ ಡಿಸೆಂಬರ್‌ನಲ್ಲಿ ಎಟಿಆರ್ ಹಾರಿಸಲು ಶುರು ಮಾಡಿತು. ಸರ್ಕಾರದ ಒಡೆತನದ ಅಲಯನ್ಸ್ ಏರ್ 2021ರ ಅಕ್ಟೋಬರ್‌ನಲ್ಲಿ ಮುಂಬಯಿಯಿಂದ ಸಿಂಧುದುರ್ಗಕ್ಕೆ ಹಾರಾಟ ಶುರು ಮಾಡಿತು. ಗೋವಾದಲ್ಲಿ ನೆಲೆ ಮಾಡಿಕೊಂಡ ಫ್ಲೈ91 ಎಂಬ ಹೊಸ ಕಂಪನಿ 2024ರ ಮಾರ್ಚ್‌ನಿಂದ ಅಲ್ಲಿನ ಹೊಸ ನಿಲ್ದಾಣ ಮೋಪಾದಿಂದ ಇದೇ ವಿಮಾನ ಓಡಿಸುತ್ತಿದೆ. 2025ರ ಜೂನ್‌ನಲ್ಲಿ ಅದು ಗೋವಾ–ಸೊಲ್ಲಾಪುರ ಹಾರಾಟ ಆರಂಭಿಸಿದಾಗ ಎರಡೂ ಕಡೆ ಇರುವ ಕನ್ನಡಿಗರಿಗೆ ಅದು ದೊಡ್ಡ ಸುದ್ದಿಯೇ.

ಇನ್ನೆರಡು ಸಣ್ಣ ವಿಮಾನ ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯವು, ಎರಡೂ ಜೆಟ್. ಕೊಲ್ಹಾಪುರ ಕಡೆಯ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಶುರು ಮಾಡಿತು. ಬೆಳಗಾವಿ, ಕಲಬುರಗಿಯವರಿಗೆ ಅದು ಪರಿಚಿತ ಹೆಸರು. ಅದರ ಹಳೆಯ ವಿಮಾನ 50 ಸೀಟಿನ ಇಆರ್‌ಜೆ-145. 2023ರಲ್ಲಿ ಬಂದದ್ದು 76 ಸೀಟಿನ ಇ175. ಮೊದಲೆಲ್ಲ ಸ್ಪೈಸ್‌ಜೆಟ್‌ನ ಕ್ಯೂ400 ಕೂಡ ಜಾಸ್ತಿ ಸಿಗುತ್ತಿತ್ತು. ಅದೂ ಪ್ರೊಪೆಲ್ಲರ್ ವಿಮಾನವೇ, ಎಟಿಆರ್‌ಗಿಂತ ವೇಗ ಜಾಸ್ತಿ.

ಮೊದಲು ಇಕ್ಕಟ್ಟಿನ ವಿಷಯ ನೋಡೋಣ. ಇಲ್ಲಿ ನಮ್ಮ ಊಹೆ ತಲೆಕೆಳಗಾಗುತ್ತದೆ. ದೊಡ್ಡ ಮಾರ್ಗಗಳಲ್ಲಿ ಹಾರುವ ಏರ್‌ಬಸ್ ಎ320 ಜೆಟ್‌ನ ಕ್ಯಾಬಿನ್ ಅಗಲ 3.70 ಮೀಟರ್, ಅದರಲ್ಲಿ ಆರು ಜನ. ಎಟಿಆರ್ ಕ್ಯಾಬಿನ್ ಅಗಲ 2.57 ಮೀಟರ್, ಅದರಲ್ಲಿ ನಾಲ್ಕು ಜನ. ಓಡಾಡುವ ದಾರಿಯನ್ನೂ ಸೇರಿಸಿ ಹಂಚಿದರೆ ಎ320ಯಲ್ಲಿ ಒಬ್ಬರಿಗೆ 62 ಸೆಂಟಿಮೀಟರ್ ಸಿಗುತ್ತದೆ, ಎಟಿಆರ್‌ನಲ್ಲಿ 64. ಇ175ರಲ್ಲಿ 2.74 ಮೀಟರ್‌ಗೆ ನಾಲ್ಕು ಜನ, ಅಂದರೆ 68 ಚಿಲ್ಲರೆ. ಇಆರ್‌ಜೆ-145ರಲ್ಲಿ 2.10 ಮೀಟರ್‌ಗೆ ಮೂರೇ ಜನ, ತಲಾ 70. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಈ ಯಾವ ಸಣ್ಣ ವಿಮಾನದಲ್ಲೂ ಮಧ್ಯದ ಸೀಟಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡು, ಎರಡೂ ಕೈ ಎಲ್ಲಿಡುವುದೆಂದು ಗೊತ್ತಾಗದೆ ಕೂರುವ ಪಾಡು ಇಲ್ಲಿ ಯಾರಿಗೂ ಬರುವುದಿಲ್ಲ. ಒಬ್ಬರೇ ಹೋಗುವವರಿಗೆ ಇಆರ್‌ಜೆ-145ರ ಎಡಗಡೆಯ ಒಂಟಿ ಸೀಟು ನಿಜವಾಗಿ ಸುಖ. ಅದು ಕಿಟಕಿಯೂ ಹೌದು, ದಾರಿಯ ಪಕ್ಕದ ಸೀಟೂ ಹೌದು.

ಆದರೆ ಎತ್ತರದ ಲೆಕ್ಕ ಬೇರೆ. ಇಆರ್‌ಜೆ-145ರ ಒಳಗೆ ನಿಲ್ಲುವ ಎತ್ತರ 1.82 ಮೀಟರ್, ಅಂದರೆ ಸುಮಾರು ಆರು ಅಡಿ. ಅದೂ ದಾರಿಯ ನಟ್ಟನಡುವೆ ನಿಂತರೆ ಮಾತ್ರ. ಎತ್ತರದವರು ತಲೆ ತಗ್ಗಿಸಿಯೇ ನಡೆಯಬೇಕು. ಎಟಿಆರ್‌ನಲ್ಲಿ 1.91 ಮೀಟರ್, ಇ175ರಲ್ಲಿ 2 ಮೀಟರ್. ಇ175ರ ಕ್ಯಾಬಿನ್ ಗೋಡೆ ಭುಜದ ಹತ್ತಿರ ಒಳಗೆ ಬಾಗುವುದಿಲ್ಲ. ಹಾಗಾಗಿ ಕಿಟಕಿ ಪಕ್ಕ ಕೂತವರ ತಲೆ ಗೋಡೆಗೆ ತಾಗುವುದಿಲ್ಲ. ಈ ಎಲ್ಲದರಲ್ಲಿ ಒಳಗಿನ ಜಾಗದ ಮಟ್ಟಿಗೆ ನನ್ನ ಮೊದಲ ಆಯ್ಕೆ ಇ175. ಅದರಲ್ಲಿ ಸಂಶಯವಿಲ್ಲ.

ಮೊಣಕಾಲಿಗೆ ಎಷ್ಟು ಜಾಗ ಎನ್ನುವುದು ವಿಮಾನದ ಮೇಲಲ್ಲ, ಕಂಪನಿಯ ಮೇಲೆ ನಿಂತಿದೆ. ಒಂದೇ ಎಟಿಆರ್ 72ರಲ್ಲಿ ಅಲಯನ್ಸ್ ಏರ್ 70 ಸೀಟು ಇಟ್ಟಿದೆ, ಇಂಡಿಗೊ 78. ಎರಡು ಸಾಲು ಜಾಸ್ತಿ ಹಿಡಿಸಬೇಕೆಂದರೆ ಉಳಿದ ಸಾಲುಗಳು ಮುಂದೆ ಸರಿಯಲೇಬೇಕು. ಈ 78 ಎಂಬ ಸಂಖ್ಯೆ ಸುಮ್ನೆ ಬಂದದ್ದಲ್ಲ. ನಮ್ಮ ದೇಶದಲ್ಲಿ 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಬಹಳ ಕಾಲದಿಂದ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇದೆ. 40 ಟನ್‌ಗಿಂತ ಹಗುರವಾದ ವಿಮಾನಗಳ ಇಂಧನಕ್ಕೆ ರಾಜ್ಯಗಳ ಮಾರಾಟ ತೆರಿಗೆಯೂ ಕಡಿಮೆ. ಸಣ್ಣ ಊರಿಗೆ ವಿಮಾನ ಹಾರಿಸುವವರಿಗೆ ನೆರವಾಗಲಿ ಎಂದು ಮಾಡಿದ ನಿಯಮಗಳಿವು, ಒಳ್ಳೆಯ ನಿಯಮಗಳೇ. ಕಂಪನಿಗಳು ಆ ಗೆರೆಯ ಅಂಚಿನವರೆಗೆ ಸೀಟು ತುಂಬಿದವು, ನಮ್ಮ ಮೊಣಕಾಲು ಮುಂದಿನ ಸೀಟಿಗೆ ಹತ್ತಿರವಾಯಿತು.

ಈಗ ಸದ್ದು. ಎಟಿಆರ್ ಬಗ್ಗೆ ಜನರ ಮೊದಲ ದೂರು ಇದೇ. ಪ್ರೊಪೆಲ್ಲರ್‌ಗೆ ಆರು ಅಲಗು. ಆಕಾಶದಲ್ಲಿ ಅದು ನಿಮಿಷಕ್ಕೆ ಸುಮಾರು 984 ಸುತ್ತು ತಿರುಗುತ್ತದೆ. ಒಂದೊಂದು ಅಲಗು ಹಾದುಹೋಗುವಾಗಲೂ ಗಾಳಿಯ ಒತ್ತಡ ವಿಮಾನದ ಮೈಗೆ ಬಡಿಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 98 ಬಡಿತ. ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ, ಕಿವಿಗಿಂತ ಮೈಗೆ ಜಾಸ್ತಿ ತಿಳಿಯುವ ಸದ್ದು ಇದು. ಪ್ರೊಪೆಲ್ಲರ್ ಇರುವುದು ಕ್ಯಾಬಿನ್‌ನ ಮುಂದಿನ ಅರ್ಧದಲ್ಲಿ. ಅದರ ನೇರಕ್ಕೆ ಬರುವ ಸಾಲುಗಳಲ್ಲಿ ಸದ್ದು ಹೆಚ್ಚು. ಅಲ್ಲಿ ಕಿಟಕಿ ಪಕ್ಕ ಕೂತು ಗೋಡೆಗೆ ತಲೆ ಒರಗಿಸಿದರೆ ಹಲ್ಲಿನವರೆಗೂ ನಡುಕ ಬರುತ್ತದೆ. ಹಿಂದೆ ಹೋದಷ್ಟೂ ಕಡಿಮೆ. ಇಆರ್‌ಜೆ-145ರಲ್ಲಿ ಇದು ಉಲ್ಟಾ. ಎಂಜಿನ್ ಬಾಲದ ಹತ್ತಿರ ಇರುವುದರಿಂದ ಮುಂದಿನ ಸಾಲು ಶಾಂತ, ಹಿಂದಿನ ಸಾಲು ಗಲಾಟೆ. ಗೊತ್ತಿಲ್ಲದೆ ಎರಡರಲ್ಲೂ ಒಂದೇ ಸಾಲು ಆರಿಸಿದವರಿಗೆ ಒಂದು ವಿಮಾನ ಚೆನ್ನ, ಒಂದು ಕೆಟ್ಟದ್ದು ಅನಿಸಿದರೆ ಆಶ್ಚರ್ಯವಿಲ್ಲ.

ಕ್ಯೂ400 ತಯಾರಿಸಿದವರು ಈ ಸದ್ದಿನ ಮೇಲೆ ನಿಜವಾದ ಕೆಲಸ ಮಾಡಿದ್ದರು. ಕ್ಯಾಬಿನ್ ಒಳಗೆ ಅಲ್ಲಲ್ಲಿ ಪುಟ್ಟ ಮೈಕ್ರೋಫೋನ್‌ಗಳು ಸದ್ದನ್ನು ಅಳೆಯುತ್ತವೆ. ವಿಮಾನದ ಚೌಕಟ್ಟಿಗೆ ಕೂರಿಸಿದ ಸಾಧನಗಳು ಅದಕ್ಕೆ ಎದುರಾಗಿ ನಡುಗಿ ಸದ್ದನ್ನು ತಗ್ಗಿಸುತ್ತವೆ. ಕ್ಯೂ ಅಕ್ಷರ ಬಂದದ್ದೇ ಶಾಂತ ಎಂಬ ಅರ್ಥದಲ್ಲಿ. ಎಟಿಆರ್‌ನಲ್ಲಿ ನಡುಕ ಹೀರುವ ತೂಕಗಳನ್ನು ಗೋಡೆಯೊಳಗೆ ಕೂರಿಸಿದ್ದಾರೆ. ಒಂದೇ ಸಮನೆ ಬರುವ ಇಂಥ ತಗ್ಗು ಸದ್ದನ್ನು ಈಗಿನ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಹಳ ಚೆನ್ನಾಗಿ ತಡೆಯುತ್ತದೆ. ಜನರ ಮಾತು, ಮಗುವಿನ ಅಳು ತಡೆಯುವುದಕ್ಕಿಂತ ಎಷ್ಟೋ ಚೆನ್ನಾಗಿ.

ಫ್ಯಾನ್ ಅಂದರೆ ಹಳೇ ಕಾಲದ ಎಂಜಿನ್ ಎಂಬ ಭಯವೂ ಕೆಲವರಿಗಿದೆ. ಅದು ಹಾಗಲ್ಲ. ಪ್ರೊಪೆಲ್ಲರ್ ತಿರುಗಿಸುವುದು ಜೆಟ್ ಜಾತಿಯದೇ ಟರ್ಬೈನ್, ಪ್ರಾಟ್ ಆ್ಯಂಡ್ ವಿಟ್ನಿ ಕೆನಡಾ ಕಂಪನಿಯ ಪಿಡಬ್ಲ್ಯು127. ಕಡಿಮೆ ದೂರಕ್ಕೆ, ಕಡಿಮೆ ವೇಗದಲ್ಲಿ ಇದು ಇಂಧನ ಉಳಿಸುತ್ತದೆ. ಚಿಕ್ಕ ರನ್‌ವೇ ಸಾಕಾಗುತ್ತದೆ. ಅದಕ್ಕೇ ಸಣ್ಣ ಊರಿಗೆ ಇದು ಬರುತ್ತದೆ.

ವೇಗ ಕಡಿಮೆ ಅಂದೆನಲ್ಲ, ಎಷ್ಟು ಕಡಿಮೆ? ಎಟಿಆರ್ ಗಂಟೆಗೆ ಸುಮಾರು 510 ಕಿಲೋಮೀಟರ್, ಜೆಟ್ ಸುಮಾರು 800. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಮುಂಬಯಿಯಿಂದ ಬೆಳಗಾವಿ ನೇರ ಗೆರೆಯಲ್ಲಿ 400 ಕಿಲೋಮೀಟರ್ ಆಸುಪಾಸು. ಪುಣೆಯಿಂದ ಮೋಪಾ ಇನ್ನೂ ಹತ್ತಿರ, 320ರೊಳಗೆ. ಏರುವುದು ಇಳಿಯುವುದರಲ್ಲೇ ಅರ್ಧ ದಾರಿ ಮುಗಿದಿರುತ್ತದೆ. ಜೆಟ್ ಉಳಿಸಿಕೊಡುವುದು ಕಾಲು ಗಂಟೆ ಇರಬಹುದು. ಥಾಣೆಯಿಂದ ಅಂಧೇರಿಗೆ ಹೋಗುವ ಟ್ರಾಫಿಕ್‌ನಲ್ಲಿ ಅದಕ್ಕಿಂತ ಜಾಸ್ತಿ ಕಳೆಯುತ್ತೇವೆ.

ಕುಲುಕಾಟದ ವಿಷಯಕ್ಕೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣ ಮತ್ತು ಸಹ್ಯಾದ್ರಿ ಮೇಲೆ ಹಾರುವವರಿಗೆ ಇದು ಸಣ್ಣ ವಿಷಯವಲ್ಲ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಇಂಥ ಚಿಕ್ಕ ಮಾರ್ಗದಲ್ಲಿ ಇನ್ನೂ ಕೆಳಗೇ ಹಾರುತ್ತದೆ. ಮಳೆಗಾಲದ ಮೋಡ ಇರುವುದೂ ಅಲ್ಲೇ. ಜೆಟ್ ಮೇಲೇರಿ ಎಷ್ಟೋ ಮೋಡಗಳನ್ನು ಕೆಳಗೆ ಬಿಡುತ್ತದೆ, ಎಟಿಆರ್ ಅವುಗಳ ನಡುವೆಯೇ ಅಥವಾ ಸುತ್ತು ಹಾಕಿ ಹೋಗಬೇಕು. ಇನ್ನೊಂದು ಕಾರಣ ರೆಕ್ಕೆ. ತುಂಬಿದ ಎಟಿಆರ್ ಸುಮಾರು 23 ಟನ್, ರೆಕ್ಕೆ 61 ಚದರ ಮೀಟರ್. ಪ್ರತಿ ಚದರ ಮೀಟರ್ ರೆಕ್ಕೆ ಹೊರುವ ಭಾರ 375 ಕಿಲೋ ಚಿಲ್ಲರೆ. ಎ320ಯಲ್ಲಿ ಇದೇ ಲೆಕ್ಕ 600 ಕಿಲೋ ದಾಟುತ್ತದೆ. ಭಾರ ಕಡಿಮೆ ಹೊತ್ತ ರೆಕ್ಕೆಯನ್ನು ಗಾಳಿ ಸುಲಭವಾಗಿ ಎತ್ತಿ ಕುಕ್ಕುತ್ತದೆ. ನಿಧಾನವಾಗಿ ಹಾರುವುದರಿಂದ ಹೊಡೆತದ ಬಿರುಸು ಸ್ವಲ್ಪ ತಗ್ಗುತ್ತದೆ ಎಂಬುದೂ ನಿಜ. ಆದರೂ ಮಳೆಗಾಲದಲ್ಲಿ ಎಟಿಆರ್ ಜಾಸ್ತಿ ಕುಲುಕುತ್ತದೆ ಎಂದು ಒಪ್ಪಿಕೊಳ್ಳಲೇಬೇಕು. ಇದರಲ್ಲಿ ಅಪಾಯಕ್ಕಿಂತ ಅಸಹನೆ ದೊಡ್ಡದು. ಬೆಲ್ಟ್ ಬಿಗಿಯಾಗಿ ಹಾಕಿ ಕೂತರೆ ಮುಗಿಯಿತು. ವಾಂತಿ ಬರುವ ಸ್ವಭಾವದವರು ರೆಕ್ಕೆಯ ಹತ್ತಿರದ ಸೀಟು ಹಿಡಿಯಬೇಕು, ಬಾಲದ ಕಡೆ ಅಲ್ಲ. ಬಾಲ ಹೆಚ್ಚು ತೂಗಾಡುತ್ತದೆ. ಸದ್ದು ಬೇಡ ಅಂದರೆ ಹಿಂದೆ, ಕುಲುಕಾಟ ಬೇಡ ಅಂದರೆ ಮಧ್ಯ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಾನಾದರೆ ಮಳೆಗಾಲದಲ್ಲಿ ರೆಕ್ಕೆಗೆ ಸ್ವಲ್ಪ ಹಿಂದಿನ ಸಾಲು ಹೇಳುತ್ತೇನೆ, ಚಳಿಗಾಲದಲ್ಲಿ ಇನ್ನೂ ಹಿಂದೆ.

ಕೆಳಗೆ ಹಾರುವುದರಲ್ಲಿ ಒಂದು ಒಳ್ಳೆಯದೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಎತ್ತರ ಹಾರುವ ಜೆಟ್‌ನಲ್ಲಿ ಅದು 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತಷ್ಟರವರೆಗೂ ಇಳಿಯಬಹುದು. ನಿಯಮದ ಮಿತಿ ಅದೇ. ಎಟಿಆರ್ 16,000–18,000 ಅಡಿಯಲ್ಲಿ ಹಾರುವಾಗ ಒಳಗಿನ ಒತ್ತಡ ನೆಲದ ಒತ್ತಡಕ್ಕೆ ಹತ್ತಿರವೇ ಇರುತ್ತದೆ. ಉತ್ತರ ಕರ್ನಾಟಕದಿಂದ ಮುಂಬಯಿಯ ಪರೇಲ್‌ನ ಆಸ್ಪತ್ರೆಗಳಿಗೆ ಎಷ್ಟೋ ಜನ ಚಿಕಿತ್ಸೆಗೆ ಬರುತ್ತಾರೆ. ಶ್ವಾಸಕೋಶದ, ಹೃದಯದ ತೊಂದರೆ ಇರುವವರು, ಆಪರೇಷನ್ ಮುಗಿಸಿ ಊರಿಗೆ ಹೊರಟವರು ಇವರಲ್ಲಿ ಇರುತ್ತಾರೆ. ಅವರಿಗೆ ಡಾಕ್ಟರ ಒಪ್ಪಿಗೆ, ವಿಮಾನ ಕಂಪನಿ ಕೇಳುವ ವೈದ್ಯಕೀಯ ಫಾರಂ ಎಲ್ಲ ಬೇಕೇ ಬೇಕು. ಆದರೆ “ಸಣ್ಣ ವಿಮಾನ, ರೋಗಿಗೆ ಆಗದು” ಎಂದು ಮನೆಯವರೇ ತೀರ್ಮಾನಿಸಿ ಹನ್ನೆರಡು ತಾಸಿನ ಬಸ್ಸಿಗೆ ಕೂರಿಸುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಡಾರ್ನಿಯರ್ 228 ಎಂಬ ಇನ್ನೂ ಪುಟ್ಟ ವಿಮಾನದಲ್ಲಿ ಮಾತ್ರ ಒಳಗೆ ಒತ್ತಡ ಕಾಯುವ ಏರ್ಪಾಡೇ ಇಲ್ಲ. ಅದು ಈಶಾನ್ಯ ರಾಜ್ಯಗಳ ಕಡೆ ಹಾರುತ್ತದೆ.

ಇನ್ನು ನೆಲದ ಮೇಲಿನ ಕಥೆ. ನನಗೆ ಅತಿ ಮುಖ್ಯ ಅನಿಸುವುದು ಇದೇ.

ಏಪ್ರಿಲ್‌ನ ಪುಣೆ ಅಥವಾ ಮೇ ತಿಂಗಳ ಗೋವಾದಲ್ಲಿ ಮಧ್ಯಾಹ್ನ ಎಟಿಆರ್ ಹತ್ತಿದವರಿಗೆ ಗೊತ್ತು, ಒಳಗೆ ಕಾಲಿಟ್ಟರೆ ಬೆವರು ಇಳಿಯುತ್ತದೆ. ಸೀಟಿನ ಜೇಬಿನಲ್ಲಿರುವ ಸುರಕ್ಷತೆಯ ಕಾರ್ಡು ತೆಗೆದು ಎಲ್ಲರೂ ಗಾಳಿ ಹಾಕಿಕೊಳ್ಳುತ್ತಾ ಕೂರುತ್ತಾರೆ. ಇದು ಏಸಿ ಕೆಟ್ಟದ್ದರಿಂದ ಅಲ್ಲ. ದೊಡ್ಡ ವಿಮಾನಗಳ ಬಾಲದಲ್ಲಿ ಎಪಿಯು ಎಂಬ ಪುಟ್ಟ ಎಂಜಿನ್ ಇರುತ್ತದೆ. ವಿಮಾನ ನಿಂತಾಗ ಕರೆಂಟು, ಏಸಿ ಎರಡನ್ನೂ ಅದೇ ಕೊಡುತ್ತದೆ. ಎಂಬ್ರೇಯರ್ ವಿಮಾನಗಳಲ್ಲೂ ಅದಿದೆ. ಎಟಿಆರ್‌ನಲ್ಲಿ ಇಲ್ಲ. ತೂಕ, ಖರ್ಚು ಉಳಿಸಲು ತಯಾರಕರು ಬೇರೆ ದಾರಿ ಹಿಡಿದರು. ಬಲಗಡೆಯ ಎಂಜಿನ್ ಚಾಲೂ ಮಾಡುತ್ತಾರೆ, ಅದರ ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕಿ ನಿಲ್ಲಿಸುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಎನ್ನುತ್ತಾರೆ. ಗಾಳಿ ಹಿಂದಿನಿಂದ ಜೋರಾಗಿ ಬೀಸುತ್ತಿದ್ದರೆ ಇದನ್ನು ಬಳಸುವಂತಿಲ್ಲ, ಇಂಧನ ಉಳಿಸಲೂ ಎಷ್ಟೋ ಸಲ ಬಳಸುವುದಿಲ್ಲ. ಎರಡೂ ಎಂಜಿನ್ ಶುರುವಾದ ಮೇಲೆ ತಂಪು ಬರುತ್ತದೆ. ಹಾರಾಟಕ್ಕೆ ಅನುಮತಿ ತಡವಾಗಿ, ವಿಮಾನ ನಿಂತಲ್ಲೇ ಅರ್ಧ ಗಂಟೆ ನಿಂತರೆ ವಯಸ್ಸಾದವರು, ಪುಟ್ಟ ಮಕ್ಕಳು ಸೋತುಹೋಗುತ್ತಾರೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಹೊರಗಿನಿಂದ ತಣ್ಣನೆ ಗಾಳಿ ಊದುವ ಗಾಡಿಗಳು ಇವೆ. ದಪ್ಪ ಹಳದಿ ಕೊಳವೆ ತಂದು ವಿಮಾನದ ಹೊಟ್ಟೆಗೆ ಜೋಡಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಒಳಗೆ ಹಿತವಾಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಪ್ರತಿ ಎಟಿಆರ್‌ಗೂ ಇದನ್ನು ಜೋಡಿಸುವುದು ಕಡ್ಡಾಯವಾಗಬೇಕು. ಅದಾಗದಿದ್ದರೆ ಕನಿಷ್ಠ ಪಕ್ಷ, ಹೊರಡುವ ಸಮಯ ಖಚಿತವಾಗುವವರೆಗೆ ಪ್ರಯಾಣಿಕರನ್ನು ಟರ್ಮಿನಲ್‌ನಲ್ಲೇ ಕೂರಿಸಬೇಕು. ಬಸ್ಸಿನಲ್ಲಿ ತುಂಬಿಸಿ ವಿಮಾನದ ಹತ್ತಿರ ನಿಲ್ಲಿಸುವುದರಿಂದ ಯಾರಿಗೂ ಲಾಭವಿಲ್ಲ.

ಹತ್ತುವಾಗ ಇನ್ನೊಂದು ನೋಡಿರಬಹುದು. ಎಟಿಆರ್ ಬಾಲದ ಕೆಳಗೆ ಒಂದು ಕಂಬ ಸಿಕ್ಕಿಸಿರುತ್ತಾರೆ. ಜನ ಅದನ್ನು ಕಂಡು ಹೆದರುತ್ತಾರೆ, ಫೋಟೋ ತೆಗೆದು ಮನೆಯವರಿಗೆ ಕಳಿಸುತ್ತಾರೆ. ವಿಷಯ ಸರಳ. ಈ ವಿಮಾನದ ಬಾಗಿಲು ಹಿಂದೆ, ಸಾಮಾನಿನ ಕೋಣೆ ಮುಂದೆ, ಪೈಲಟ್‌ಗಳ ಬೆನ್ನ ಹಿಂದೆ. ಎಲ್ಲರೂ ಒಮ್ಮೆಲೇ ಹಿಂದಿನಿಂದ ಹತ್ತಿದಾಗ ಬಾಲದ ಕಡೆ ಭಾರ ಬಿದ್ದು ಮೂತಿ ಮೇಲೇಳಬಾರದು ಅಂತ ಆ ಕಂಬ. ಹಾರುವ ಮೊದಲು ತೆಗೆಯುತ್ತಾರೆ. ಜನ ಕಡಿಮೆ ಇದ್ದ ದಿನ ಗಗನಸಖಿ ಬಂದು ಕೆಲವರನ್ನು ಬೇರೆ ಸಾಲಿಗೆ ಹೋಗಲು ಹೇಳುವುದೂ ಭಾರದ ಹಂಚಿಕೆಗಾಗಿಯೇ. ಸೀಟಿಗೆ ದುಡ್ಡು ಕೊಟ್ಟಿದ್ದೇನೆ ಎಂದು ಜಗಳಕ್ಕೆ ನಿಲ್ಲಬೇಡಿ, ಆ ದುಡ್ಡು ಆಮೇಲೆ ಕೇಳಿ.

ಮೆಟ್ಟಿಲಿನ ವಿಷಯದಲ್ಲಿ ಎಟಿಆರ್ ಗೆಲ್ಲುತ್ತದೆ. ವಿಮಾನ ನೆಲಕ್ಕೆ ಹತ್ತಿರ, ಮೆಟ್ಟಿಲು ಕೆಲವೇ. ಇ175 ಎತ್ತರ, ಆದರೆ ಅದಕ್ಕೆ ಏರೋಬ್ರಿಜ್, ಅಂದರೆ ಟರ್ಮಿನಲ್‌ನಿಂದ ನೇರ ವಿಮಾನದೊಳಗೆ ನಡೆಯುವ ಮುಚ್ಚಿದ ದಾರಿ, ಜೋಡಿಸಬಹುದು. ಜೋಡಿಸುತ್ತಾರೋ ಇಲ್ಲವೋ ಎನ್ನುವುದು ನಿಲ್ದಾಣದ ಮೇಲೆ ನಿಂತಿದೆ. ಮೊಣಕಾಲು ನೋವಿನ ಅಜ್ಜಿಗೆ ಆ ಐದಾರು ಮೆಟ್ಟಿಲೂ ಬೆಟ್ಟವೇ, ಅದರಲ್ಲೂ ಮಳೆಯಲ್ಲಿ ಒದ್ದೆಯಾದ, ಕಿರಿದಾದ ಮೆಟ್ಟಿಲು. ಗಾಲಿಕುರ್ಚಿ ಬೇಕಾದವರು 48 ಗಂಟೆ ಮೊದಲೇ ಹೇಳಬೇಕು ಎಂದು ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವಿದೆ. ಹೇಳುವಾಗ “ಮೆಟ್ಟಿಲು ಹತ್ತಲು ಆಗುವುದಿಲ್ಲ” ಎಂಬುದನ್ನೂ ಸೇರಿಸಿ ಹೇಳಿ. ಬರೀ ಗಾಲಿಕುರ್ಚಿ ಅಂದರೆ ಅದು ಮೆಟ್ಟಿಲ ಬುಡದವರೆಗೆ ಬಂದು ನಿಲ್ಲುತ್ತದೆ. ಮೇಲಕ್ಕೆ ಎತ್ತುವ ಲಿಫ್ಟ್ ಗಾಡಿ ಬೇಕೆಂದು ಬೇರೆಯಾಗಿಯೇ ಬರೆಸಬೇಕು. ನಾಲ್ಕು ಜನ ಸೇರಿ ಕುರ್ಚಿ ಸಮೇತ ಹಿರಿಯರನ್ನು ಹೊತ್ತು ಹತ್ತಿಸುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಹೊರುವವರಿಗೂ ಅದು ನ್ಯಾಯವಲ್ಲ.

ಬ್ಯಾಗಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎ320ಯಲ್ಲಿ ಸಲೀಸಾಗಿ ಹೋಗುವ ಗಟ್ಟಿ ಟ್ರಾಲಿ ಎಟಿಆರ್‌ನ ಮೇಲಿನ ಗೂಡಿನಲ್ಲಿ ಬಹಳ ಸಲ ಹಿಡಿಸುವುದಿಲ್ಲ. ಇಆರ್‌ಜೆ-145ರಲ್ಲಿ ಒಂಟಿ ಸೀಟಿನ ಕಡೆ ಗೂಡೇ ಇಲ್ಲ. ಇ175ರಲ್ಲಿ ತೊಂದರೆಯಿಲ್ಲ. ಹಿಡಿಸದ್ದನ್ನು ಬಾಗಿಲ ಹತ್ತಿರ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಆಗ ಗಡಿಬಿಡಿಯಲ್ಲಿ ಮಾತ್ರೆ, ಇನ್ಸುಲಿನ್, ಆಸ್ಪತ್ರೆಯ ಫೈಲು ಟ್ರಾಲಿಯೊಳಗೇ ಉಳಿದುಬಿಡುತ್ತವೆ. ಪವರ್ ಬ್ಯಾಂಕ್ ಅಂತೂ ಸಾಮಾನಿನ ಕೋಣೆಗೆ ಹೋಗಲೇಬಾರದು, ಬೆಂಕಿಯ ಅಪಾಯ. ಇವೆಲ್ಲವನ್ನೂ ಹೆಗಲ ಮೇಲಿನ ಮೆತ್ತನೆ ಚೀಲದಲ್ಲಿಡಿ. ಟಿಕೆಟ್ ಮಾರುವಾಗಲೇ “ಈ ವಿಮಾನದಲ್ಲಿ ಇಷ್ಟೇ ಗಾತ್ರದ ಬ್ಯಾಗು ಹಿಡಿಸುತ್ತದೆ, ಏರೋಬ್ರಿಜ್ ಇಲ್ಲ, ಶೌಚಾಲಯ ಒಂದೇ” ಎಂದು ದಪ್ಪ ಅಕ್ಷರದಲ್ಲಿ ತೋರಿಸಲು ಕಂಪನಿಗಳಿಗೆ ಏನು ಕಷ್ಟ? ಈಗ ವಿಮಾನದ ಹೆಸರು ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಬರೆದಿರುತ್ತದೆ. ಅದನ್ನು ನೋಡಿ ಅರ್ಥಮಾಡಿಕೊಳ್ಳುವವರು ಎಷ್ಟು ಜನ?

ಸೀಟು ಎಷ್ಟೇ ಮೆತ್ತಗಿರಲಿ, ವಿಮಾನವೇ ಬರದಿದ್ದರೆ ಏನು ಮಾಡುವುದು? ಸಣ್ಣ ಕಂಪನಿಗಳ ಹತ್ತಿರ ವಿಮಾನಗಳೇ ಕಡಿಮೆ. ಒಂದು ಕೆಟ್ಟು ನಿಂತರೆ ಬದಲಿ ಇರುವುದಿಲ್ಲ. ದೊಡ್ಡ ಮಾರ್ಗದಲ್ಲಿ ಎರಡು ತಾಸಿಗೆ ಇನ್ನೊಂದು ವಿಮಾನ ಸಿಗುತ್ತದೆ, ಇಲ್ಲಿ ನಾಳೆ, ಇಲ್ಲವೇ ನಾಡಿದ್ದು. ಒಂದು ತಾಸಿನೊಳಗಿನ ಹಾರಾಟವನ್ನು ಸಮಯಕ್ಕೆ ಮುಂಚೆ ತಿಳಿಸದೆ ರದ್ದು ಮಾಡಿದರೆ, ಕಾರಣ ಕಂಪನಿಯದೇ ಆಗಿದ್ದರೆ, 5,000 ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು ಡಿಜಿಸಿಎ ನಿಯಮ ಹೇಳುತ್ತದೆ. ಒಂದರಿಂದ ಎರಡು ತಾಸಿನದಾದರೆ 7,500ರವರೆಗೆ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಆಗಿದ್ದರೆ ಅಷ್ಟೇ. ಹವಾಮಾನ ಕಾರಣವಾದರೆ ಏನೂ ಇಲ್ಲ. ಮಳೆಗಾಲದಲ್ಲಿ ಆ ಕಾರಣಕ್ಕೆ ಬರವಿಲ್ಲ. ಮದುವೆ, ಪರೀಕ್ಷೆ, ಆಪರೇಷನ್ ದಿನಾಂಕ ಇರುವವರು ಹಿಂದಿನ ದಿನದ ವಿಮಾನವನ್ನೇ ಹಿಡಿಯುವುದು ಒಳ್ಳೆಯದು.

ಮಾರ್ಗಗಳೇ ಮಾಯವಾಗುವುದೂ ಉಂಟು. ಸಣ್ಣ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಮೊದಲ ಹಾರಾಟ. ಒಂದು ತಾಸಿನ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ ದರದಲ್ಲಿ ಕೆಲವು ಸೀಟು, ಕಂಪನಿಯ ನಷ್ಟ ತುಂಬಲು ಮೂರು ವರ್ಷ ಸಹಾಯಧನ. ಮೂರು ವರ್ಷ ಮುಗಿದ ಮೇಲೆ ಎಷ್ಟೋ ಮಾರ್ಗಗಳು ನಿಂತುಹೋದವು. ಮುಂಬಯಿ–ಕೊಲ್ಹಾಪುರಕ್ಕೆ ಎಟಿಆರ್ ಹಾರಿಸುತ್ತಿದ್ದ ಟ್ರೂಜೆಟ್ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಇತ್ತ 2024ರ ಸೆಪ್ಟೆಂಬರ್‌ನಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ರೈಲು ಓಡುತ್ತಿದೆ. ಎಂಟೂವರೆ ತಾಸು ಹಿಡಿದರೂ ಹೇಳಿದ ದಿನ ಬರುತ್ತದೆ, ಮನೆಯ ಊಟ ಕಟ್ಟಿಕೊಂಡು ಹೋಗಬಹುದು, ಸಾಮಾನಿಗೆ ತೂಕ ಹಾಕುವವರಿಲ್ಲ. ಪುಣೆಯವರು ಬೆಳಗಾವಿಗೆ ಹೋಗುವಾಗ ವಿಮಾನಕ್ಕಿಂತ ಇದೇ ವಾಸಿ ಅಂದರೆ ನಾನು ಒಪ್ಪುತ್ತೇನೆ. ಮುಂಬಯಿಯಿಂದಾದರೆ ಲೆಕ್ಕ ಬೇರೆ, ಅಲ್ಲಿ ವಿಮಾನ ಇಡೀ ರಾತ್ರಿಯನ್ನು ಉಳಿಸುತ್ತದೆ.

ಮುಂಬಯಿಯಲ್ಲಿ ಸಣ್ಣ ವಿಮಾನಕ್ಕೆ ಒಳ್ಳೆಯ ಸಮಯ ಸಿಗದಿರಲು ರನ್‌ವೇ ಕಾರಣ. ಸಾಂತಾಕ್ರೂಜ್ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದನ್ನೇ ಬಳಸುತ್ತಾರೆ. ದಿನಕ್ಕೆ 900ಕ್ಕೂ ಹೆಚ್ಚು ವಿಮಾನ ಏರಿಳಿಯುವ ಕಡೆ ನಿಧಾನವಾಗಿ ಬರುವ ಎಟಿಆರ್ ಹಿಂದೆ ಜೆಟ್‌ಗಳು ಕಾಯಬೇಕಾಗುತ್ತದೆ. 78 ಜನ ಕೂರುವ ವಿಮಾನವೂ, 180 ಜನ ಕೂರುವ ವಿಮಾನವೂ ರನ್‌ವೇಯಲ್ಲಿ ಒಂದೊಂದು ಸರದಿಯನ್ನೇ ತಿನ್ನುತ್ತವೆ. ದೊಡ್ಡ ಕಂಪನಿ ಯಾವುದನ್ನು ಆರಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪುಣೆಯದು ವಾಯುಪಡೆಯ ನಿಲ್ದಾಣ, ಗೋವಾದ ಹಳೆಯ ನಿಲ್ದಾಣ ದಾಬೋಳಿ ನೌಕಾಪಡೆಯದು. ಅಲ್ಲೂ ಸಮಯಕ್ಕೆ ಮಿತಿಗಳಿವೆ. ಮೋಪಾ 2023ರ ಜನವರಿಯಲ್ಲಿ ತೆರೆದ ಮೇಲೆಯೇ ಗೋವಾದಲ್ಲಿ ಒಂದು ಸಣ್ಣ ಕಂಪನಿ ನೆಲೆ ಮಾಡಲು ಜಾಗ ಸಿಕ್ಕಿತು.

ನವಿ ಮುಂಬಯಿ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ, ಡಿಸೆಂಬರ್‌ನಿಂದ ಹಾರಾಟ ಶುರುವಾಗಿದೆ. ಪನ್ವೇಲ್, ವಾಶಿ, ಡೊಂಬಿವಲಿಯ ನಮ್ಮವರಿಗೆ ಅದು ಹತ್ತಿರ. ಅಲ್ಲಿ ಸಮಯ ಇನ್ನೂ ಖಾಲಿ ಇದೆ. ಬೆಳಗ್ಗೆ ಮತ್ತು ಸಂಜೆಯ ಕೆಲವು ಹೊತ್ತನ್ನು ಸಣ್ಣ ವಿಮಾನಗಳಿಗೆಂದೇ ಮೀಸಲಿಡಬೇಕು. ಎಟಿಆರ್ ನಿಲ್ಲುವ ಜಾಗ ಟರ್ಮಿನಲ್‌ಗೆ ಹತ್ತಿರ ಇರಬೇಕು. ಅಲ್ಲಿಯವರೆಗೆ ಮಳೆಗೆ ತೋಯದಂತೆ ಸೂರು, ತಣ್ಣನೆ ಗಾಳಿಯ ಗಾಡಿ, ಹಿರಿಯರಿಗೆ ಲಿಫ್ಟ್ ಗಾಡಿ ಬೇಕು. ಮುಂಬಯಿಯ ಕನ್ನಡ ಸಂಘಗಳು, ಬೆಳಗಾವಿ–ಹುಬ್ಬಳ್ಳಿಯ ವ್ಯಾಪಾರಿ ಸಂಘಗಳು ಸೇರಿ ಈಗಲೇ ಇದನ್ನು ಬರೆದು ಕೇಳಬೇಕು. ದೊಡ್ಡ ಕಂಪನಿಗಳು ವೇಳಾಪಟ್ಟಿಯನ್ನು ತುಂಬಿಸಿದ ಮೇಲೆ ಕೇಳಿದರೆ ಕೊಡಲು ಅಲ್ಲೂ ಜಾಗ ಇರುವುದಿಲ್ಲ.